ಬೆಳಗಿನ ಮೊದಲ ಹೊತ್ತು ಯಾರದು?



ಕ್ರೈಸ್ತ ಜೀವನದಲ್ಲಿ ಮುಂಜಾನೆಯ ಪ್ರಾರ್ಥನೆಯನ್ನು ರೂಢಿ ಮಾಡಿಕೊಳ್ಳುವುದು ಹೇಗೆ ಎಂಬುದು ಇಂದಿನ ಮಾತಿನ ವಿಷಯ. ವಿಷಯ ಕ್ರೈಸ್ತರದಾದರೂ ಬೆಳಗು ಎಲ್ಲರದು. ಕರ್ಕಾಟಕ ಮಾಸದ ಅಮಾವಾಸ್ಯೆಯಂದು ತಿರುನೆಲ್ಲಿಯ ಪಾಪನಾಶಿನಿಯಲ್ಲಿ ಇನ್ನೂ ಕತ್ತಲಿರುವಾಗಲೇ ಜನ ತಮ್ಮ ಹಿರಿಯರಿಗೆ ಪಿಂಡವಿಡಲು ಸಾಲುಗಟ್ಟುತ್ತಾರೆ. ಮಸೀದಿಯ ಬಾಂಗು ಕೋಳಿ ಕೂಗುವ ಹೊತ್ತಿಗೇ ಕೇಳಿಸುತ್ತದೆ. ಗಡಿಯಾಚೆ ನಮ್ಮ ನೆಂಟರ ಊರುಗಳಲ್ಲಿ ಧನುರ್ಮಾಸ ಬಂತೆಂದರೆ ನಸುಕಿನಲ್ಲೇ ಗುಡಿಯ ಗಂಟೆ ಬಾರಿಸುತ್ತದೆ. ದಿನದ ಮೊದಲ ಹೊತ್ತನ್ನು ದೇವರಿಗೆಂದು ಎತ್ತಿಡಬೇಕೆಂಬ ತಿಳಿವಳಿಕೆ ಈ ಮಣ್ಣಿನಲ್ಲಿ ಎಲ್ಲರಿಗೂ ಇದೆ. ಆದ್ದರಿಂದ ಬೇರೆ ಮತದ ಬಂಧುಗಳೂ ಈ ಮಾತನ್ನು ಮನೆಯ ಮಾತೆಂದೇ ಕೇಳಬಹುದು.

ನಮ್ಮ ಕಡೆಯ ಕ್ರೈಸ್ತ ಮನೆಗಳಲ್ಲಿ ಸಂಜೆಯ ಪ್ರಾರ್ಥನೆಗೆ ಗಟ್ಟಿಯಾದ ಬೇರಿದೆ. ತಿರುವಿದಾಂಕೂರಿನಿಂದ ವಲಸೆ ಬಂದು ಕಾಡು ಕಡಿದು ನೆಲೆಸಿದ ಕುಟುಂಬಗಳು ಆ ಪದ್ಧತಿಯನ್ನು ಗಂಟುಮೂಟೆಯ ಜೊತೆಗೇ ತಂದವು. ದೀಪ ಹಚ್ಚಿ, ಮನೆಮಂದಿಯೆಲ್ಲ ಕೂತು ಜಪಮಾಲೆ ಹೇಳಿ, ಕೊನೆಗೆ ಮಕ್ಕಳು ಹಿರಿಯರ ಬಳಿ ಹೋಗಿ ಸ್ತುತಿ ಹೇಳುವುದು ಇಂದಿಗೂ ಅನೇಕ ಮನೆಗಳಲ್ಲಿ ನಡೆಯುತ್ತದೆ. ಕರ್ನಾಟಕದ ಕಡೆಯಿಂದ ಬಂದ ಪ್ರಾಟೆಸ್ಟಂಟ್ ಕುಟುಂಬಗಳಲ್ಲೂ ಸಂಜೆಯ ಕೀರ್ತನೆ, ವಾಕ್ಯಪಾಠ ಉಂಟು. ಆದರೆ ಬೆಳಿಗ್ಗೆ? ಬೆಳಿಗ್ಗೆ ಒಲೆ, ಹಾಲಿನ ಕ್ಯಾನು, ಮಕ್ಕಳ ಸ್ಕೂಲ್ ಬಸ್ಸು. ಹಾಸಿಗೆಯಿಂದ ಎದ್ದು ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರೆ ಅದೇ ದೊಡ್ಡದು. ಸಂಜೆ ಇಡೀ ಮನೆಯದು, ಬೆಳಗು ಯಾರದೂ ಅಲ್ಲ ಎನ್ನುವಂತಾಗಿದೆ.

ಯೇಸುಸ್ವಾಮಿಯ ಬೆಳಗು ಹೇಗಿತ್ತು ಎಂಬುದನ್ನು ಮಾರ್ಕನು ತನ್ನ ಮೊದಲ ಅಧ್ಯಾಯದ 35ನೆಯ ವಚನದಲ್ಲಿ ಹೇಳಿದ್ದಾನೆ. ಆತನು ಇನ್ನೂ ಕತ್ತಲಿರುವಾಗಲೇ ಎದ್ದು, ಊರ ಹೊರಗಿನ ಏಕಾಂತ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನು. ಈ ಒಂದು ವಚನವನ್ನು ಉಪದೇಶಗಳಲ್ಲಿ ಬಹಳ ಸಲ ಕೇಳಿದ್ದೇವೆ. ಆದರೆ ಅದರ ಹಿಂದಿನ ಮತ್ತು ಮುಂದಿನ ವಚನಗಳನ್ನೂ ಓದಬೇಕು. ಹಿಂದಿನ ದಿನ ಸಬ್ಬತ್ತು. ಹೊತ್ತು ಮುಳುಗಿದ ಮೇಲೆ ಕಪೆರ್ನೌಮಿನ ಜನವೆಲ್ಲ ಸೀಮೋನನ ಮನೆಯ ಬಾಗಿಲಲ್ಲಿ ರೋಗಿಗಳನ್ನು ತಂದು ನಿಲ್ಲಿಸಿದ್ದರು. ಅಂಥ ದಣಿವಿನ ರಾತ್ರಿಯ ಮಾರನೆಯ ಬೆಳಗು ಅದು. ಮುಂದೆ ಏನಾಯಿತು? ಸೀಮೋನನೂ ಸಂಗಡಿಗರೂ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನೇ ಕೇಳುತ್ತಿದ್ದಾರೆ ಎಂದರು. ಊರಿಗೆ ಊರೇ ಆತನನ್ನು ಅಲ್ಲೇ ಇರಿಸಿಕೊಳ್ಳಲು ಕಾದಿತ್ತು. ಆತನಾದರೋ ಪಕ್ಕದ ಊರುಗಳಿಗೆ ಹೋಗೋಣ ಎಂದನು.

ಈ ಕಥೆಯಲ್ಲಿ ಮುಂಜಾನೆಯ ಪ್ರಾರ್ಥನೆಯ ಗುಟ್ಟು ಇದೆ. ಬೇಗ ಎದ್ದವನಿಗೆ ಹೆಚ್ಚು ಪುಣ್ಯ ಎಂಬ ಲೆಕ್ಕ ಅಲ್ಲಿಲ್ಲ. ಊರಿನವರು, ಕೆಲಸ, ಅವಸರ ಇವೆಲ್ಲ ಬಂದು ನಮ್ಮ ದಿನವನ್ನು ಹಂಚಿಕೊಳ್ಳುವುದಕ್ಕೆ ಮುಂಚೆ, ಈ ದಿನ ಯಾವ ಕಡೆಗೆ ಹೋಗಬೇಕು ಎಂಬುದನ್ನು ತಂದೆಯ ಮುಂದೆ ಕೂತು ತಿಳಿದುಕೊಳ್ಳುವುದೇ ಆ ಪ್ರಾರ್ಥನೆ. ದಿನದ ಮೊದಲ ಹೊತ್ತು ಯಾರ ಕೈಯಲ್ಲಿದೆಯೋ ಉಳಿದ ದಿನವೂ ಬಹುಮಟ್ಟಿಗೆ ಅವರ ಕೈಯಲ್ಲೇ ಇರುತ್ತದೆ.

ಆದಿ ಸಭೆ ಇದನ್ನು ಬಲ್ಲದು. ಕ್ರಿ.ಶ. 112ರ ಸುಮಾರಿಗೆ ರೋಮಿನ ಅಧಿಕಾರಿ ಪ್ಲಿನಿ ಎಂಬವನು ತನ್ನ ಚಕ್ರವರ್ತಿ ಟ್ರಾಜನನಿಗೆ ಬರೆದ ಕಾಗದದಲ್ಲಿ, ಈ ಕ್ರೈಸ್ತರು ಗೊತ್ತಾದ ಒಂದು ದಿನ ಬೆಳಕು ಹರಿಯುವ ಮುಂಚೆ ಕೂಡಿ ಕ್ರಿಸ್ತನಿಗೆ ಹಾಡು ಹೇಳುತ್ತಾರೆ ಎಂದು ವರದಿ ಮಾಡಿದ್ದಾನೆ. ಅವರಲ್ಲಿ ಆಳುಗಳೂ ದಾಸಿಯರೂ ಇದ್ದರು. ಬೆಳಕು ಹರಿದರೆ ಅವರ ಹೊತ್ತು ಯಜಮಾನನದು. ಸುರಿಯಾನಿ ಪರಂಪರೆಯಲ್ಲಿ ಮುಂಜಾನೆಯ ಪ್ರಾರ್ಥನೆಗೆ ಸಪ್ರಾ ಎಂಬ ಹೆಸರೇ ಇದೆ. ಆ ಮಾತಿಗೆ ಬೆಳಗು ಎಂದೇ ಅರ್ಥ. ಮಾನಂದವಾಡಿ ಧರ್ಮಪ್ರಾಂತ್ಯ ಆದದ್ದು 1973ರಲ್ಲಿ, ಆದರೆ ಅಲ್ಲಿಯ ಸೀರೊ ಮಲಬಾರ್ ಸಭೆಯ ಯಾಮಪ್ರಾರ್ಥನೆಯ ಪುಸ್ತಕದಲ್ಲಿರುವ ಸಪ್ರಾದ ಬೇರು ಮೊದಲ ಶತಮಾನಗಳಷ್ಟು ಹಳೆಯದು. ದೂರದ ಕೊರಿಯಾದಲ್ಲಿ 1907ರ ಸುಮಾರಿಗೆ ಪ್ಯೊಂಗ್ಯಾಂಗ್ ಪಟ್ಟಣದ ಕಿಲ್ ಸುನ್ ಜೂ ಎಂಬ ಸಭಾಪಾಲಕರು ನಸುಕಿನ ಪ್ರಾರ್ಥನಾಕೂಟವನ್ನು ಬೆಳೆಸಿದರು. ಇಂದಿಗೂ ದಕ್ಷಿಣ ಕೊರಿಯಾದ ಅನೇಕ ಚರ್ಚುಗಳಲ್ಲಿ ಬೆಳಗಿನ ಐದಕ್ಕೆಲ್ಲ ಜನ ಸೇರುತ್ತಾರೆ.

ಈಗ ನಮ್ಮ ತಿರುನೆಲ್ಲಿಗೇ ಬರೋಣ. ಇಲ್ಲಿ ಬೆಳಗು ಯಾರದು ಎಂಬ ಪ್ರಶ್ನೆಗೆ ಒಂದು ನೋವಿನ ಚರಿತ್ರೆಯಿದೆ. ವಳ್ಳಿಯೂರುಕಾವಿನ ಜಾತ್ರೆಯಲ್ಲಿ ಜಮೀನ್ದಾರರು ಅಡಿಯ ಮತ್ತು ಪಣಿಯ ಕುಟುಂಬಗಳಿಗೆ ನಿಲ್ಪುಪಣ ಎಂದು ಒಂದಿಷ್ಟು ಹಣ ಕೊಟ್ಟು ಒಂದು ವರ್ಷದ ದುಡಿಮೆಯನ್ನು ಕಟ್ಟಿಕೊಳ್ಳುತ್ತಿದ್ದರೆಂಬುದು ನಿಮ್ಮಲ್ಲಿ ಹಿರಿಯರಾದವರಿಗೆ ಗೊತ್ತಿದೆ. ಜೀತಪದ್ಧತಿಯನ್ನು ರದ್ದು ಮಾಡಿದ ಕಾಯಿದೆ ಬಂದದ್ದು 1976ರಲ್ಲಿ. ಹಾಗೆ ಕಟ್ಟಿಕೊಂಡ ಮನುಷ್ಯನಿಗೆ ಕೋಳಿ ಕೂಗಿದರೆ ಅದು ಯಜಮಾನನ ಕರೆ. ಬೆಳಗಿನಲ್ಲಿ ತನ್ನದೆಂದು ಹೇಳಿಕೊಳ್ಳುವ ಹತ್ತು ನಿಮಿಷ ಅವನಿಗೆಲ್ಲಿಂದ ಬರಬೇಕು?

ಬ್ರಹ್ಮಗಿರಿಯ ಆಚೆ ಕೊಡಗಿನಲ್ಲೂ ಇಂಥದೇ ಕಥೆ. 1843ರಲ್ಲಿ ಮಂಗಳೂರು ಸಮಾಚಾರ ಎಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿದ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದರು. ಮುಂದೆ ಸಿದ್ದಾಪುರದ ಕಡೆಯಲ್ಲಿ ಆನಂದಪುರ ಎಂಬ ಕ್ರೈಸ್ತ ಗ್ರಾಮ ಎದ್ದಿತು. ತಲೆತಲಾಂತರದಿಂದ ಬೇರೆಯವರ ಗದ್ದೆಗಳಲ್ಲಿ ದುಡಿದ ಕನ್ನಡದ ದಲಿತ ಕುಟುಂಬಗಳು ಅಲ್ಲಿ ಕಾಫಿ ತೋಟದ ಜೊತೆಗೆ ತಮ್ಮ ಬದುಕನ್ನು ಕಟ್ಟಿಕೊಂಡವು. ಬಾಸೆಲ್ ಮಿಶನ್ನಿನ ಸಂಪ್ರದಾಯದಲ್ಲಿ ಮನೆಯ ಬೆಳಗಿನ ಪ್ರಾರ್ಥನೆಗೆ ದೊಡ್ಡ ಸ್ಥಾನವಿತ್ತು. ಜರ್ಮನಿಯ ಹೆರ್ನ್‌ಹೂಟ್ ಎಂಬಲ್ಲಿ 1731ರಿಂದ ವರ್ಷ ವರ್ಷವೂ ಅಚ್ಚಾಗುತ್ತಿರುವ, ದಿನಕ್ಕೊಂದು ವಚನದ ಪುಸ್ತಕ ಆ ಸಂಪ್ರದಾಯದ ಮನೆಗಳಿಗೆ ಬಲು ಪರಿಚಿತ. ನಿನ್ನೆಯವರೆಗೆ ಯಜಮಾನನ ಕೂಗಿಗೆ ಏಳುತ್ತಿದ್ದವರಿಗೆ ಬೆಳಗ್ಗೆ ಎದ್ದು ದೇವರೊಡನೆ ತನ್ನ ಹೆಸರಿನಲ್ಲಿ ತಾನೇ ಮಾತಾಡುವುದು ಎಂಥ ದೊಡ್ಡ ಬಿಡುಗಡೆ ಎಂಬುದನ್ನು ಸ್ವಲ್ಪ ಯೋಚಿಸಿ ನೋಡಿ.

ಇಂದು ಆ ಯಜಮಾನನಿಲ್ಲ. ಆದರೆ ದಿಂಬಿನ ಪಕ್ಕದಲ್ಲಿ ಮೊಬೈಲ್ ಫೋನ್ ಇದೆ. ಕಣ್ಣು ಬಿಟ್ಟ ಕೂಡಲೇ ಕೈ ಅತ್ತ ಹೋಗುತ್ತದೆ. ಯಾರೋ ಕಳಿಸಿದ ಶುಭೋದಯ, ಯಾರದೋ ಜಗಳ, ಕಾಳುಮೆಣಸಿನ ಧಾರಣೆ, ಕೆಳಗಿನ ಪಾಡಿಯಲ್ಲಿ ಆನೆ ಇಳಿದ ಸುದ್ದಿ. ಆನೆಯ ಸುದ್ದಿ ಬೇಕಾದದ್ದೇ, ಅದನ್ನು ನೋಡಿಯೇ ಹೊರಗೆ ಕಾಲಿಡಬೇಕು. ಉಳಿದದ್ದಕ್ಕೆ ಹತ್ತು ನಿಮಿಷ ತಡವಾದರೆ ಮುಳುಗಿಹೋಗುವುದೇನೂ ಇಲ್ಲ. ಒಬ್ಬರು ಕಳಿಸಿದ ಬೈಬಲ್ ವಚನವನ್ನು ಇನ್ನೊಬ್ಬರಿಗೆ ದಾಟಿಸಿದ ಮಾತ್ರಕ್ಕೆ ಪ್ರಾರ್ಥನೆ ಆಗುವುದಿಲ್ಲ. ಅದು ಅಂಚೆಯವನ ಕೆಲಸ. ಕಾಗದ ನಮ್ಮ ಹೆಸರಿಗೆ ಬಂದಿದ್ದರೆ ನಾವು ಒಡೆದು ಓದಬೇಕಲ್ಲವೇ?

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಬೇಗ ಏಳಿ, ಪ್ರಾರ್ಥಿಸಿ ಎಂದು ಹೇಳುವುದು ಸುಲಭ. ಆದರೆ ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು? ಅಮ್ಮ, ಹೆಂಡತಿ, ಸೊಸೆ. ಒಲೆ ಹಚ್ಚುವುದು, ನೀರು ಕಾಯಿಸುವುದು, ಹಸುವಿನ ಹಾಲು ಕರೆದು ಸೊಸೈಟಿಗೆ ಕಳಿಸುವುದು, ಬುತ್ತಿ ಕಟ್ಟುವುದು. ಕಾಫಿ ಕೊಯ್ಲಿನ ದಿನಗಳಲ್ಲಿ ಇಷ್ಟನ್ನೂ ಮುಗಿಸಿ ತೋಟಕ್ಕೂ ಹೋಗಬೇಕು. ಆಕೆಗೆ ಇನ್ನೂ ಅರ್ಧ ಗಂಟೆ ಮುಂಚೆ ಎದ್ದು ಪ್ರಾರ್ಥಿಸು ಎಂದರೆ ಇರುವ ನಿದ್ದೆಯಲ್ಲೇ ಕೊಯ್ದು ಕೊಡು ಎಂದ ಹಾಗೆ. ಮನೆಯ ಯಜಮಾನ ನಡುಮನೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದು, ಪ್ರಾರ್ಥನೆ ಮುಗಿಯುವ ಹೊತ್ತಿಗೆ ಸರಿಯಾಗಿ ಕಾಫಿ ಬರಲಿಲ್ಲವೆಂದು ಗದರಿದರೆ, ಆ ಪ್ರಾರ್ಥನೆಗೆ ಹೊತ್ತು ಕೊಟ್ಟವರು ಯಾರು? ತನ್ನ ಬಿಡುಗಡೆಗಾಗಿ ಇನ್ನೊಬ್ಬರನ್ನು ಜೀತಕ್ಕೆ ಹಚ್ಚಿದಂತಾಗಲಿಲ್ಲವೇ?

ಇದಕ್ಕೆ ಉತ್ತರ ಸುವಾರ್ತೆಯಲ್ಲೇ ಇದೆ. ಯೋಹಾನನ 21ನೆಯ ಅಧ್ಯಾಯವನ್ನು ತೆಗೆದು ನೋಡಿ. ಶಿಷ್ಯರು ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದೆ ದಣಿದಿದ್ದಾರೆ. ಬೆಳಗಾಗುತ್ತಿದೆ. ಪುನರುತ್ಥಾನ ಹೊಂದಿದ ಕರ್ತನು ದಡದಲ್ಲಿ ನಿಂತಿದ್ದಾನೆ. ಅವರು ದಡಕ್ಕೆ ಬಂದು ನೋಡಿದರೆ ಕೆಂಡದ ಬೆಂಕಿ ಸಿದ್ಧವಾಗಿದೆ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಬನ್ನಿ, ಊಟ ಮಾಡಿ ಎಂದು ಆತನೇ ಕರೆಯುತ್ತಾನೆ, ಆತನೇ ಬಡಿಸುತ್ತಾನೆ. ಪೇತ್ರನೊಡನೆ ಆಡಬೇಕಾಗಿದ್ದ ಗಂಭೀರವಾದ ಮಾತು ಊಟ ಆದ ಮೇಲೆ ಬರುತ್ತದೆ. ಮರಣವನ್ನು ಗೆದ್ದ ಕರ್ತನು ಆ ಬೆಳಗ್ಗೆ ಒಲೆ ಹಚ್ಚಿದನು. ಹೀಗಿರುವಾಗ ಆತನ ಶಿಷ್ಯನೆನಿಸಿಕೊಂಡ ಗಂಡಸು ಒಲೆಯ ಮುಂದೆ ಕೂತರೆ ಅವನ ಗೌರವ ಎಲ್ಲಿಗೂ ಹೋಗುವುದಿಲ್ಲ. ಮನೆಯಲ್ಲಿ ಮುಂಜಾನೆಯ ಪ್ರಾರ್ಥನೆ ಆರಂಭವಾಗಬೇಕೆಂದು ಬಯಸುವ ಗಂಡಸರು ಮೊದಲ ವಾರ ಮಾಡಬೇಕಾದ ಕೆಲಸ ಇಷ್ಟೇ: ಬೆಳಿಗ್ಗೆ ಎದ್ದು ಬೆಂಕಿ ಹಚ್ಚಿ, ನೀರಿಟ್ಟು, ಮನೆಯಾಕೆಯನ್ನು ಹತ್ತು ನಿಮಿಷ ಕೂರಲು ಬಿಡುವುದು. ಆಮೇಲೆ ತಾವೂ ಪಕ್ಕದಲ್ಲಿ ಕೂರುವುದು.

ಇನ್ನು ರೂಢಿ ಮಾಡಿಕೊಳ್ಳುವ ಬಗೆಯನ್ನು ಕುರಿತು ಕೆಲವು ಪ್ರಾಯೋಗಿಕ ಸೂಚನೆಗಳು.

ಮೊದಲನೆಯದಾಗಿ, ಬೆಳಗಿನ ಪ್ರಾರ್ಥನೆ ಶುರುವಾಗುವುದು ಹಿಂದಿನ ರಾತ್ರಿ. ಹನ್ನೊಂದರವರೆಗೆ ಟಿ.ವಿ. ನೋಡಿ ನಾಲ್ಕೂವರೆಗೆ ಏಳುತ್ತೇನೆಂದರೆ ಮೈ ಕೇಳುವುದಿಲ್ಲ. ಆರನೆಯ ಶತಮಾನದಲ್ಲಿ ಸಂನ್ಯಾಸಿಗಳಿಗೆ ನಿಯಮ ಬರೆದ ಸಂತ ಬೆನೆಡಿಕ್ಟರೂ ಚಳಿಗಾಲದಲ್ಲಿ ರಾತ್ರಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಮಲಗಿ, ಉಂಡದ್ದು ಜೀರ್ಣವಾದ ಮೇಲೆ ಏಳಬೇಕೆಂದೇ ಹೇಳಿದ್ದಾರೆ. ಮಠದವರಿಗೇ ನಿದ್ದೆ ಬೇಕಾದರೆ ದಿನವಿಡೀ ಗುದ್ದಲಿ ಹಿಡಿಯುವವರಿಗೆ ಬೇಡವೇ? ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಬೈಬಲನ್ನು ಮಾರನೆಯ ದಿನದ ಪುಟಕ್ಕೆ ತೆರೆದು, ಗುರುತಿಟ್ಟು, ಕೂರುವ ಜಾಗದಲ್ಲೇ ಇಟ್ಟು ಮಲಗಿ. ಫೋನನ್ನು ಬೇರೆ ಕೋಣೆಯಲ್ಲಿಡಿ.

ಎರಡನೆಯದಾಗಿ, ಜಾಗ. ಕರ್ತನು ಊರ ಹೊರಗೆ ಹೋದನೆಂದು ನಾವೂ ನಸುಕಿನಲ್ಲಿ ತೋಟದ ಮೂಲೆಗೋ ಹೊಳೆಯ ದಂಡೆಗೋ ಹೋಗುವುದು ಬೇಡ. ಜನವರಿಯಲ್ಲಿ ಇಲ್ಲಿ ಸೂರ್ಯ ಏಳುವುದೇ ಏಳು ಗಂಟೆಯ ಹತ್ತಿರ. ಅದರ ಮೇಲೆ ಮಂಜು. 2024ರ ಫೆಬ್ರವರಿ 10ರ ಬೆಳಿಗ್ಗೆ ಮಾನಂದವಾಡಿಯ ಹತ್ತಿರ ಪಡಮಲದಲ್ಲಿ ಕಾಡಾನೆ ಒಬ್ಬರನ್ನು ಅಟ್ಟಿಸಿಕೊಂಡು ಮನೆಯಂಗಳಕ್ಕೇ ನುಗ್ಗಿ ಕೊಂದಿತು. 2025ರ ಜನವರಿ 24ರ ಬೆಳಿಗ್ಗೆ ಪಂಚಾರಕೊಲ್ಲಿಯಲ್ಲಿ ಕಾಫಿ ಕೊಯ್ಯಲು ಹೋದ ಹೆಣ್ಣುಮಗಳು ಹುಲಿಗೆ ಬಲಿಯಾದಳು. ಇದನ್ನು ಮರೆತು ಮಾತಾಡುವುದು ಈ ಊರಿನಲ್ಲಿ ಆಗದ ಮಾತು. ಮತ್ತಾಯನ ಆರನೆಯ ಅಧ್ಯಾಯದಲ್ಲಿ ಅದೇ ಕರ್ತನು ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಬೇಕೆಂದು ಕಲಿಸಿದ್ದಾನಲ್ಲ, ನಮಗೆ ಆ ಮಾತು ಸಾಕು. ಅಕ್ಕಿಮೂಟೆಯ ಪಕ್ಕದ ಒಂದು ಚಾಪೆ ಅಗಲದ ಜಾಗವಾದರೂ ಆದೀತು. ದಿನವೂ ಅದೇ ಜಾಗವಾಗಿರಲಿ.

ಮೂರನೆಯದಾಗಿ, ಪ್ರಾರ್ಥನೆಯನ್ನು ಗಡಿಯಾರಕ್ಕಿಂತ ಕೆಲಸಕ್ಕೆ ಕಟ್ಟುವುದು ವಾಸಿ. ಮುಖ ತೊಳೆದ ಕೂಡಲೇ, ಅಥವಾ ಒಲೆಯ ಮೇಲೆ ನೀರಿಟ್ಟ ಕೂಡಲೇ, ಅಥವಾ ಹಾಲು ಕರೆದು ಬಂದು ಕೈ ತೊಳೆದ ಕೂಡಲೇ ಎಂದು ಒಂದನ್ನು ಗೊತ್ತು ಮಾಡಿಕೊಳ್ಳಿ. ಕೆಲಸ ಹೇಗೂ ತಪ್ಪುವುದಿಲ್ಲ. ಅದರ ಬಾಲ ಹಿಡಿದು ಪ್ರಾರ್ಥನೆಯೂ ಬರುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ದಿನದ ಒಂದು ಗೊತ್ತಾದ ಸಂದರ್ಭಕ್ಕೆ ಕಟ್ಟಿಕೊಂಡ ಹೊಸ ಕೆಲಸವೊಂದು ರೂಢಿಗೆ ಬರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನದವರೆಗೂ ಬೇಕಾಗಬಹುದೆಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿ ಆಗಲಿಲ್ಲ. ನಮ್ಮ ಕಡೆ ಈಸ್ಟರಿನ ಮುಂಚೆ ಐವತ್ತು ದಿನದ ನೋಂಪಿ ಇದೆಯಲ್ಲ. ಆಗ ಆರಂಭಿಸಿ, ಹಬ್ಬ ಕಳೆದ ಮೇಲೂ ಎರಡು ವಾರಕ್ಕಿಂತ ಸ್ವಲ್ಪ ಹೆಚ್ಚು ಬಿಡದೆ ಮುಂದುವರಿಸಿದರೆ ಆ 66 ತುಂಬುತ್ತದೆ. ನಾವು ಆರಂಭಶೂರರಾಗುವುದು ಹಬ್ಬದ ಮರುದಿನವೇ.

ನಾಲ್ಕನೆಯದಾಗಿ, ಚಿಕ್ಕದಾಗಿರಲಿ. ಹತ್ತು ನಿಮಿಷ ಸಾಕು. ಒಂದು ಕೀರ್ತನೆ ಅಥವಾ ಸುವಾರ್ತೆಯ ನಾಲ್ಕೈದು ವಚನ ಓದುವುದು. ರಾತ್ರಿ ಕಾಪಾಡಿದ್ದಕ್ಕೆ ಸ್ತೋತ್ರ ಹೇಳುವುದು. ಇಂದು ಮಾಡಬೇಕಾದ ಕೆಲಸಗಳನ್ನೂ ಕಾಣಬೇಕಾದ ಜನರನ್ನೂ ದೇವರ ಮುಂದೆ ಹೆಸರು ಹಿಡಿದು ಹೇಳುವುದು. ಯಾರೊಡನೆ ಮಾತು ಬಿಟ್ಟಿದ್ದೇವೋ ಆ ಒಬ್ಬರ ಹೆಸರೂ ಅದರಲ್ಲಿರಲಿ. ಕೊನೆಗೆ ಕರ್ತನ ಪ್ರಾರ್ಥನೆ. ಒಂದೆರಡು ನಿಮಿಷ ಸುಮ್ಮನೆ ಕೂತರೂ ನಷ್ಟವಿಲ್ಲ. ತಪ್ಪಿದ ದಿನದ ಸಾಲವನ್ನು ಮರುದಿನ ಬಡ್ಡಿ ಸಮೇತ ತೀರಿಸಲು ಹೋಗಬೇಡಿ. ಇಸ್ರಾಯೇಲರು ಅರಣ್ಯದಲ್ಲಿ ಮನ್ನಾವನ್ನು ದಿನದಿನದ ಬೆಳಿಗ್ಗೆ ಆಯಾ ದಿನಕ್ಕೆ ಬೇಕಾದಷ್ಟು ಕೂಡಿಸಿಕೊಂಡರು. ಬಿಸಿಲೇರಿದರೆ ಅದು ಕರಗುತ್ತಿತ್ತು, ನಾಳೆಗೆಂದು ಉಳಿಸಿದರೆ ಹುಳ ಬೀಳುತ್ತಿತ್ತು.

ಐದನೆಯದಾಗಿ, ಭಾಷೆ. ಗಡಿನಾಡಿನವರಾದ ನಮಗೆ ಇದು ಸಣ್ಣ ಮಾತಲ್ಲ. ಎಚ್.ಡಿ. ಕೋಟೆಯ ಕಡೆಯಿಂದಲೋ ಕುಟ್ಟದ ಕಡೆಯಿಂದಲೋ ಮದುವೆಯಾಗಿ ಬಂದ ಹೆಣ್ಣುಮಗಳು ಚರ್ಚಿನಲ್ಲಿ ಮಲಯಾಳದಲ್ಲಿ ಆಮೆನ್ ಹೇಳುತ್ತಾಳೆ. ಸಂಜೆಯ ಜಪಮಾಲೆ ಮಲಯಾಳದಲ್ಲಿ. ಮಕ್ಕಳ ಪಾಠ ಮಲಯಾಳದಲ್ಲಿ. ಆದರೆ ಮೈಗೆ ಹುಷಾರಿಲ್ಲದಾಗ ಅವಳ ಬಾಯಿಂದ ಬರುವುದು ಕನ್ನಡದಲ್ಲೇ ಸ್ವಾಮಿ ಎಂಬ ಕೂಗು. ಅಂಥ ಮನೆಯಲ್ಲಿ ಬೆಳಗಿನ ಹತ್ತು ನಿಮಿಷವಾದರೂ ಕನ್ನಡದಲ್ಲಿರಲಿ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಕೈಗೊಂಡ ಅನುವಾದದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿದೆ. ಮಕ್ಕಳು ಅಕ್ಷರ ಓದಲಾರದಿದ್ದರೂ ಕಿವಿಯಿಂದ ಕಲಿಯುತ್ತಾರೆ. ಇದೇ ಮಾತು ರಾವುಳ ಭಾಷೆಯವರಿಗೂ ಕುರುಮರ ಮಾತಿನವರಿಗೂ ಸಲ್ಲುತ್ತದೆ. ದೇವರಿಗೆ ಭಾಷಾಂತರಕಾರರು ಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ, ಬೆಳಿಗ್ಗೆ ಏಳಲಾಗದವರ ಮಾತೇನು? ರಾತ್ರಿಯೆಲ್ಲ ಮಗುವಿಗೆ ಹಾಲೂಡಿಸಿದ ತಾಯಿ, ಖಾಯಿಲೆಯವರ ಪಕ್ಕದಲ್ಲಿ ಕೂತವರು, ಭತ್ತ ಬಲಿಯುವ ಕಾಲದಲ್ಲಿ ಅಟ್ಟಣೆಯ ಮೇಲೆ ಆನೆ ಕಾಯುವವರು ಇದ್ದಾರೆ. ಇವರು ನಸುಕಿಗೆ ಕಣ್ಣು ಮುಚ್ಚಿದರೆ ದೇವರು ಬೇಸರಪಡುವುದಿಲ್ಲ. ಅವರಿಗೆ ಎಚ್ಚರವಾದ ಹೊತ್ತೇ ಬೆಳಗು. ಅಟ್ಟಣೆಯ ಮೇಲಿನವರಿಗಂತೂ 130ನೆಯ ಕೀರ್ತನೆಯ ಅರ್ಥ ನಮಗಿಂತ ಚೆನ್ನಾಗಿ ಗೊತ್ತು. ಬೆಳಗನ್ನು ಎದುರುನೋಡುವ ಕಾವಲುಗಾರನಿಗಿಂತ ಹೆಚ್ಚಾಗಿ ತನ್ನ ಪ್ರಾಣ ಕರ್ತನಿಗಾಗಿ ಕಾಯುತ್ತದೆ ಎಂದು ಕೀರ್ತನೆಗಾರನು ಅಲ್ಲಿ ಹೇಳುತ್ತಾನೆ. ಕೈಯಲ್ಲಿ ಟಾರ್ಚು ಹಿಡಿದು, ಪಟಾಕಿ ಪಕ್ಕದಲ್ಲಿಟ್ಟುಕೊಂಡು, ಪೂರ್ವ ಯಾವಾಗ ಬಿಳುಪೇರೀತು ಎಂದು ನೋಡಿದವರಿಗೆ ಆ ಮಾತಿಗೆ ಟೀಕೆ ಬೇಕಿಲ್ಲ.

ಬಾವಲಿಯಿಂದ ಕಾಡಿನ ನಡುವೆ ಮೈಸೂರಿಗೆ ಹೋಗುವ ರಸ್ತೆಯನ್ನು ಸಂಜೆ ಆರಕ್ಕೆ ಮುಚ್ಚಿ ಬೆಳಿಗ್ಗೆ ಆರಕ್ಕೆ ತೆರೆಯುತ್ತಾರೆ. ಆಸ್ಪತ್ರೆಗೆ ಹೊರಟವರು, ತರಕಾರಿ ತರಲು ಹೋಗುವವರು ಎಲ್ಲರೂ ಗೇಟಿನ ಹತ್ತಿರ ಮೊದಲೇ ಬಂದು ಕಾಯುತ್ತಾರೆ. ತೆರೆಯುವ ಹೊತ್ತು ಗೊತ್ತಿರುವುದರಿಂದ ಕಾಯುವುದು ಕಷ್ಟವೆನಿಸುವುದಿಲ್ಲ. ಪ್ರಾರ್ಥನೆಯ ಬಾಗಿಲಿಗೆ ಆ ಕಟ್ಟಳೆಯೂ ಇಲ್ಲ. ಆದರೆ ನಮಗೆ ಒಂದು ಗೊತ್ತಾದ ಹೊತ್ತು ಬೇಕು, ಏಕೆಂದರೆ ಯಾವಾಗ ಬೇಕಾದರೂ ಆಗುವ ಕೆಲಸ ನಮ್ಮ ಕೈಯಲ್ಲಿ ಯಾವಾಗಲೂ ಆಗುವುದಿಲ್ಲ.

ಆದ್ದರಿಂದ ಬಂಧುಗಳೇ, ಇಂದು ರಾತ್ರಿ ಮಲಗುವ ಮುಂಚೆ ಮನೆಯವರೆಲ್ಲ ಕೂತು ಎರಡು ವಿಷಯಗಳನ್ನು ಮಾತಾಡಿಕೊಳ್ಳಿ. ನಾಳೆ ಬೆಳಿಗ್ಗೆ ಯಾವ ಕೆಲಸ ಮುಗಿದ ಕೂಡಲೇ ಪ್ರಾರ್ಥನೆಗೆ ಕೂರುವುದು? ಅದಕ್ಕೆ ಮುಂಚೆ ಒಲೆ ಹಚ್ಚುವವರು ಯಾರು? ಈ ಎರಡಕ್ಕೂ ಉತ್ತರ ಸಿಕ್ಕರೆ ಮುಂದಿನದು ತಾನಾಗಿ ನಡೆದೀತು. ಎರಡನೆಯ ಪ್ರಶ್ನೆಯನ್ನು ದಯವಿಟ್ಟು ಬಿಡಬೇಡಿ.